ಮನೆಯ ಕೈಗೆಲಸ: ಕಿಟಕಿಯ ಗಾಜಿಗೆ ಬಿಸಿಲುತಡೆಯ ಹಾಳೆ

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಕಡೆಯ ಹಳೆಯ ಮಾಳಿಗೆಯ ಮನೆಗಳಲ್ಲಿ ಬೇಸಗೆಯ ನಡುಹಗಲಿಗೂ ತಂಪಿರುವದನ್ನು ವಾಚಕರಲ್ಲಿ ಅನೇಕರು ಅನುಭವದಿಂದ ಬಲ್ಲರು. ದಪ್ಪನ್ನ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಹೊದಿಕೆ, ಬೆಳಕಿಗೊಂದು ಬೆಳಕಿಂಡಿ; ಇವುಗಳೆದುರು ಸೂರ್ಯನ ಆಟವು ನಡೆಯದು. ಈಗ ನಾವು ಕಟ್ಟಿಸುವದಾದರೋ ಸಿಮೆಂಟಿನ ಸ್ಲ್ಯಾಬು ಮತ್ತು ಗೋಡೆಯ ಅರ್ಧವನ್ನು ನುಂಗುವ ಗಾಜಿನ ಕಿಟಕಿ. ಸಾದಾ ತೆಳುಗಾಜು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ೮೦ರಷ್ಟನ್ನು ಒಳಗೆ ಬಿಟ್ಟುಕೊಡುವದು. ಮಧ್ಯಾಹ್ನ ಮೂರರ ಮೇಲೆ ಪಡುವಣ ಕೋಣೆಯಲ್ಲಿ ಕೂಸನ್ನು ಮಲಗಿಸಲಾಗದು, ಮುದುಕರು ಕೂಡ್ರಲಾಗದು.

ಇದಕ್ಕೆ ಉಪಾಯವೆಂದು ಜನರು ಗಾಜಿಗೆ ಸನ್ ಫಿಲ್ಮ್ ಎಂಬ ಹಾಳೆಯನ್ನು ಅಂಟಿಸುತ್ತಾರೆ. ಒಂದೆರಡು ಕಿಟಕಿಗಳಿಗಾಗಿ ದೂರದ ಪೇಟೆಯಿಂದ ಕೆಲಸಗಾರನನ್ನು ಕರೆಸುವದಕ್ಕೆ ಹಾಳೆಗಿಂತ ಹೆಚ್ಚಿನ ಹಣ ಬೀಳುವದುಂಟು. ಈ ಕೆಲಸಕ್ಕೆ ಬೇಕಾದ ಸಾಧನಗಳನ್ನು ಮನೆಯಲ್ಲಿಯೇ ಮಾಡಿಕೊಳ್ಳಲು ಬರುವದು.

ಮೊದಲು ಯಾವ ಕಿಟಕಿಗೆ ಎಂಬದನ್ನು ವಿಚಾರಿಸಬೇಕು. ನಮ್ಮ ಈ ಸೀಮೆಯು ಉತ್ತರ ಅಕ್ಷಾಂಶದ ಸುಮಾರು ೧೬ ಅಂಶದ ಮೇಲಿದೆ. ಮೇ ತಿಂಗಳ ಮೊದಲ ವಾರದಲ್ಲಿ ನಡುಹಗಲಿನ ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬಂದು, ಅನಂತರ ಆಗಸ್ಟಿನ ವರೆಗೆ ಉತ್ತರಕ್ಕೆ ವಾಲುವನು. ಆದುದರಿಂದ ತೆಂಕಣ ಕಿಟಕಿಗೆ ಕಡುಬೇಸಗೆಯಲ್ಲಿ ನೇರವಾದ ಬಿಸಿಲು ಬಹಳ ಬೀಳದು; ಬೀಳುವದು ಚಳಿಗಾಲದಲ್ಲಿ, ಆಗ ಅದು ಬೇಕಾದದ್ದೇ. ಪಡುವಣ ಕಿಟಕಿಗೆ ಮೊದಲು, ಹಣವುಳಿದರೆ ಮೂಡಣ ಕಿಟಕಿಗೆ ಹಾಳೆ ಹಾಕಿದರೆ ಸಾಕು. ನನ್ನನ್ನು ಕೇಳಿದರೆ, ಕಿಟಕಿಯ ಹೊರಗೆ ಒಂದು ತಟ್ಟಿಯನ್ನು ಕಟ್ಟುವದು ಇದೆಲ್ಲಕ್ಕಿಂತ ಮೇಲು. ಬಿಸಿಲು ಗಾಜನ್ನು ಮುಟ್ಟುವ ಮುಂಚೆಯೇ ನಿಲ್ಲುವದು. ಆದರೆ ತಟ್ಟಿಯನ್ನು ಕಟ್ಟಲು ಆಸರವಿಲ್ಲದ ಮನೆಗಳೂ ಇರುವವಷ್ಟೆ.

ಹಾಳೆಯು ಕಪ್ಪಾದಷ್ಟೂ ತಂಪು ಹೆಚ್ಚೆಂಬದು ತಪ್ಪು ತಿಳಿವಳಿಕೆ. ಬಿಸಿಲಿನ ಶಾಖದಲ್ಲಿ ಹತ್ತಿರ ಹತ್ತಿರ ಅರ್ಧವು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳಲ್ಲಿರುವದು. ಬರಿಯ ಬಣ್ಣದ ಹಾಳೆಯು ಬೆಳಕನ್ನು ಕುಡಿದು ಗಾಜನ್ನೇ ಕಾಯಿಸುತ್ತದೆ; ಕಾದ ಗಾಜು ಒಳಗೂ ಶಾಖವನ್ನು ಬಿಡುವದು. ಗಾಜಿನ ನಡುಭಾಗ ಕಾದು ಚೌಕಟ್ಟಿನೊಳಗಿನ ಅಂಚು ತಂಪಾಗಿಯೇ ಉಳಿದರೆ ಅದು ಸೀಳಲೂಬಹುದು. ತಂತಿ ಹುದುಗಿಸಿದ ಗಾಜಿಗೂ ಜೋಡುಪದರಿನ ಗಾಜಿಗೂ ಈ ಭಯ ವಿಶೇಷ. ಅವುಗಳ ಗೊಡವೆಗೆ ಮನೆಯವರು ಹೋಗಬಾರದು. ಕನ್ನಡಿಯಂತೆ ಹೊಳೆಯುವ ಹಾಳೆಯು ಶಾಖವನ್ನು ಹಿಂದಿರುಗಿಸುವದೇನೋ ನಿಜ. ಹಗಲಲ್ಲಿ ಹೊರಗಿನವರಿಗೆ ಒಳಗಿನದು ಕಾಣಿಸದು. ಆದರೆ ರಾತ್ರಿ ದೀಪ ಹಚ್ಚಿದೊಡನೆ ಈ ಗುಣವು ತಿರುವುಮುರುವಾಗಿ, ಒಳಗಿನದೆಲ್ಲವೂ ಬೀದಿಗೆ ಕಾಣುವದು. ಹೆಣ್ಣುಮಕ್ಕಳ ಕೋಣೆಗೆ ಪರದೆಯು ಬೇಕೇ ಬೇಕು.

ರಾಮದುರ್ಗದ ನೇಕಾರರ ಮನೆಗಳ ಮಾತು ಬೇರೆ. ಒಳ್ಳೆಯ ಹಾಳೆಯು ನೇರಳಾತೀತ ಕಿರಣಗಳಲ್ಲಿ ನೂರಕ್ಕೆ ೯೯ರಷ್ಟನ್ನು ತಡೆಯುವದರಿಂದ ಬಣ್ಣದ ನೂಲು ಮಾಸುವದು ನಿಧಾನವಾಗುವದು, ಪೂರ್ಣವಾಗಿ ನಿಲ್ಲದು. ಆದರೆ ಮಗ್ಗದ ಬಳಿಯ ಕಿಟಕಿಗೆ ಕಪ್ಪು ಹಾಳೆಯನ್ನು ಹಾಕಿ ಎಳೆಯೆಣಿಸುವ ಕಣ್ಣಿಗೆ ಕತ್ತಲೆಮಾಡಬಾರದು. ಅಲ್ಲಿ ತಿಳಿಯಾದ ಹಾಳೆಯನ್ನೇ ಕೇಳಿ ಕೊಳ್ಳಬೇಕು, ದರವು ಹೆಚ್ಚಾದರೂ.

ಇನ್ನು ಸಾಧನಗಳು. ಹಾಳೆಯ ಮೊದಲ ವೈರಿಯು ಧೂಳು. ಎರೆಯ ನಾಡಿನ ಸಣ್ಣ ಮಣ್ಣು ಅಂಟಿಗೆ ಒಮ್ಮೆ ಹತ್ತಿತೆಂದರೆ ಗುಳ್ಳೆಯಾಗಿ ಉಳಿದುಬಿಡುವದು. ಹಾಳೆಯನ್ನು ನೆಲದ ಮೇಲೆ ಬಿಚ್ಚದಿರಲು ಒಂದು ನಿಲುವು ಬೇಕು. ಹಾಳೆಯ ದೊಡ್ಡ ಸುರುಳಿಯ ಅಗಲ ೬೦ ಅಂಗುಲ. ಐದೂವರೆ ಅಡಿಯ ಹಲಗೆಯ ಎರಡೂ ತುದಿಗೆ ಒಂದೊಂದು ಅಡಿ ಎತ್ತರದ ಪಟ್ಟಿಗಳನ್ನು ನಿಲ್ಲಿಸಿ, ಅವುಗಳ ತಲೆಯಲ್ಲಿ ಕವಲಿನಂತೆ ಕಚ್ಚು ಕೊಯ್ದು, ಸುರುಳಿಯ ರಟ್ಟಿನ ಕೊಳವೆಯೊಳಗಿಂದ ಒಂದು ಪೈಪನ್ನು ತೂರಿಸಿ ಕಚ್ಚುಗಳಲ್ಲಿ ಕೂಡ್ರಿಸಬೇಕು. ಪೈಪು ಸಡಿಲಾದರೆ ಬಟ್ಟೆ ಸುತ್ತಿ ಬಿಗಿಮಾಡುವದು. ಹಾಳೆಯು ತಾನಾಗಿ ಬಿಚ್ಚಿಕೊಳ್ಳದಂತೆ ಪೈಪಿನ ತುದಿಗೆ ಒಂದು ಹಗ್ಗವನ್ನು ಎರಡು ಸುತ್ತು ಸುತ್ತಿ, ಹಲಗೆಗೆ ಅದರ ಒಂದು ಕೊನೆಯನ್ನು ಕಟ್ಟಿ, ಇನ್ನೊಂದು ಕೊನೆಗೆ ಅರ್ಧ ಕಿಲೋದ ಭಾರವನ್ನು ತೂಗಬಿಟ್ಟರಾಯಿತು. ಮಗ್ಗದ ದಿಂಡಿಗೆ ಹೀಗೆ ಭಾರ ಕಟ್ಟುವದನ್ನು ಕಂಡವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ನೀರನ್ನು ಹೊರದೂಡುವ ಪಟ್ಟಿಗೆ ಸೈಕಲ್ಲಿನ ಟ್ಯೂಬು ಬಾರದು. ಅದು ಮೆತ್ತಗೆ, ಅಂಚೂ ನೆಟ್ಟಗಿರದು. ಮೋಟಾರಿನ ವೈಪರಿನ ಹೊಸ ರಬ್ಬರನ್ನು ಏಳೆಂಟು ಅಂಗುಲ ಕೊಯ್ದು, ಸಾಗವಾನಿಯ ತುಂಡಿನಲ್ಲಿ ಗರಗಸದಿಂದ ಸೀಳಿದ ಗಾಡಿಯೊಳಗೆ ಬಿಗಿಯಾಗಿ ಕೂಡ್ರಿಸಿದರೆ ಒಳ್ಳೆಯ ಪಟ್ಟಿಯಾಗುವದು. ಅಂಚಿನ ಅಳತೆಗೆ ಹಳೆಯ ಎರಡು ಎ.ಟಿ.ಎಂ. ಕಾರ್ಡುಗಳನ್ನು ಒಂದರ ಮೇಲೊಂದು ಅಂಟಿಸಿಟ್ಟುಕೊಳ್ಳಿರಿ. ಒಂದರ ದಪ್ಪ ಮುಕ್ಕಾಲು ಮಿಲಿಮೀಟರು. ಎರಡು ಕೂಡಿ ಒಂದೂವರೆ. ಇವನ್ನು ಚೌಕಟ್ಟಿಗೆ ಒತ್ತಿ ಹಿಡಿದು ಅದರ ಗುಂಟ ಬ್ಲೇಡನ್ನು ಎಳೆದರೆ, ಹಾಳೆಗೂ ಚೌಕಟ್ಟಿಗೂ ನಡುವೆ ನೀರು ಹೊರಬೀಳುವಷ್ಟು ಸರಿಯಾದ ಎಡೆಯು ಉಳಿಯುವದು.

ನೀರು ಚಿಮುಕಿಸುವ ಸಾಧನದ ವಿಷಯದಲ್ಲಿ ಗಟ್ಟಿಯಾಗಿ ಹೇಳಬೇಕಾದದ್ದಿದೆ. ನಮ್ಮಲ್ಲಿ ಹತ್ತಿ ಬೆಳೆಯುವ ಮನೆಗಳಲ್ಲಿ ಔಷಧ ಹೊಡೆಯುವ ಪಂಪು ಇದ್ದೇ ಇರುವದು. ಕೈಗೆ ಮೊದಲು ಅದೇ ಸಿಗುವದು. ಅದನ್ನು ಮನೆಯೊಳಗೆ ತರಲೇಬಾರದು! ಎಷ್ಟು ತೊಳೆದರೂ ಅದರ ನಳಿಗೆಯಲ್ಲಿ, ವಾಷರಿನಲ್ಲಿ ವಿಷದ ಅಂಶವು ಉಳಿದಿರುವದು. ಬಾಗಿಲು ಹಾಕಿದ ಕೋಣೆಯಲ್ಲಿ ಅದರ ತುಂತುರು ಉಸಿರಿಗೆ ಸೇರುವದು, ಕೂಸಿನ ಹಾಸಿಗೆಯ ಮೇಲೂ ಬೀಳುವದು. ಕ್ಷೌರಿಕರು ಬಳಸುವಂಥ ಹೊಸ ಸೀಸೆಯೊಂದನ್ನು ಕೊಳ್ಳಿರಿ. ಇಲ್ಲವೆ ಕುಡಿಯುವ ನೀರಿನ ಬಾಟಲಿಯ ಮುಚ್ಚಳಕ್ಕೆ ಕಾಸಿದ ಸೂಜಿಯಿಂದ ಐದಾರು ರಂಧ್ರ ಮಾಡಿ ಒತ್ತಿರಿ, ಕೆಲಸವು ಸಾಗುವದು.

ಬೋರಿನ ಗಡಸು ನೀರು ಒಣಗಿದಲ್ಲಿ ಬಿಳಿಯ ಕಲೆಯನ್ನು ಬಿಡುವದು. ಸೋಸಿದ ಮಳೆನೀರನ್ನಾಗಲಿ, ಊರಿನ ಶುದ್ಧ ನೀರಿನ ಘಟಕದಿಂದ ತಂದ ನೀರನ್ನಾಗಲಿ ಬಳಸಿ, ಲೀಟರಿಗೆ ನಾಲ್ಕೈದು ಹನಿ ಮಕ್ಕಳ ಶಾಂಪೂ ಬೆರೆಸಬೇಕು. ಗಾಳಿಯಿಲ್ಲದ ಮುಂಜಾನೆಯ ವೇಳೆ ಉತ್ತಮ. ಸವದತ್ತಿಯವರು ಬನದ ಹುಣ್ಣಿವೆ, ಭರತ ಹುಣ್ಣಿವೆಗಳ ದಿನ ಈ ಕೆಲಸಕ್ಕೆ ಕೈ ಹಾಕದಿರುವದೇ ಲೇಸು. ಬೀದಿಯ ಧೂಳಿನ ಸಂಗಡ ಭಂಡಾರವೂ ಒಳಬಂದೀತು! ಪಂಖವನ್ನು ನಿಲ್ಲಿಸಿ, ನೆಲಕ್ಕೆ ನೀರು ಚಿಮುಕಿಸಿ, ಬಾಗಿಲಿಗೆ ಹಸಿ ಚಾದರವನ್ನು ಇಳಿಬಿಡಬೇಕು. ಗಾಜಿನ ಒಳಮೈಯನ್ನು ತೋಯಿಸಿ ಬ್ಲೇಡಿನಿಂದ ಹೆರೆದು ಎರಡು ಸಲ ತೊಳೆಯಬೇಕು. ಕೆಲಸಕ್ಕೆ ಇಬ್ಬರು ಬೇಕು. ಹಾಳೆಯ ಮೂಲೆಯ ಎರಡೂ ಮೈಗೆ ಒಂದೊಂದು ಅಂಟುಪಟ್ಟಿಯ ಚೂರನ್ನು ಹಚ್ಚಿ ಎಳೆದರೆ ತೆಳುಪದರು ಬೇರ್ಪಡುವದು. ಒಬ್ಬರು ಅದನ್ನು ಸುಲಿಯುತ್ತಿರುವಾಗ ಇನ್ನೊಬ್ಬರು ಅಂಟಿನ ಮೈಗೆ ಧಾರಾಳವಾಗಿ ನೀರು ಸಿಂಪಡಿಸುತ್ತಿರಬೇಕು. ಹಾಳೆಯನ್ನು ತೊಯ್ದ ಗಾಜಿನ ಮೇಲೆ ತೇಲಿಬಿಟ್ಟು ಸರಿಪಡಿಸಿ, ಹೊರಮೈಗೂ ನೀರು ಹೊಡೆದು, ನಡುವಿನಿಂದ ಅಂಚಿಗೆ ಪಟ್ಟಿಯನ್ನು ಎಳೆಯಬೇಕು.

ಇದೇ ಸಾಧನದಿಂದ ಕಾರಿನ ಗಾಜಿಗೂ ಹಾಕೋಣವೆಂದು ಮನೆಯ ಹುಡುಗರು ಹೊರಡಬಹುದು. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ೧೦೦ನೆಯ ನಿಯಮದಲ್ಲಿ ಮುಂದಿನ ಹಿಂದಿನ ಗಾಜುಗಳೊಳಗಿಂದ ನೂರಕ್ಕೆ ೭೦, ಪಕ್ಕದವುಗಳೊಳಗಿಂದ ೫೦ ಬೆಳಕು ಹಾಯಬೇಕೆಂದಿದೆ. ೨೦೧೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಾಹನದ ಗಾಜಿಗೆ ಕಪ್ಪು ಹಾಳೆ ಹಚ್ಚುವದನ್ನು ನಿಷೇಧಿಸಿತು. ಅವರನ್ನು ತಡೆಯಿರಿ.

ಅಂಟಿಸಿದ ಮೇಲೆ ಕೆಲವು ದಿನ ಹಾಳೆಯ ಹಿಂದೆ ಹಾಲಿನಂತಹ ಮಬ್ಬು, ಸಣ್ಣ ನೀರಗುಳ್ಳೆ ಕಾಣುವದು. ಅದನ್ನು ಚುಚ್ಚಬೇಡಿರಿ, ತಾನಾಗಿ ಆರುವದು. ಪೂರ್ಣ ಒಣಗಲು ಒಂದು ತಿಂಗಳು ಹಿಡಿಯಬಹುದು. ಕಿತ್ತೂರಿನ ಕಡೆ ಮಳೆಗಾಲದಲ್ಲಿ ಇನ್ನಷ್ಟು. ಅಲ್ಲಿಯ ವರೆಗೆ ಒರೆಸಲಾಗದು. ಮುಂದೆಯೂ ಅಮೋನಿಯಾ ಬೆರೆತ ದ್ರಾವಣವನ್ನು ಬಿಟ್ಟು ಸಾಬೂನಿನ ನೀರು, ಮೆತ್ತನೆಯ ಬಟ್ಟೆಗಳಿಂದಲೇ ಒರೆಸತಕ್ಕದ್ದು.