ಖಾಸ್ರಾ ಪಹಣಿ ಕೇಳುವ ನಾವು ಮ್ಯೂಸಿಯಂ ಲೆಕ್ಕ ಯಾಕೆ ಕೇಳಲ್ಲ?

ಹೊಲದ ತಂಟೆ ಬಂದರೆ ನಾವೇನು ಮಾಡುತ್ತೇವೆ? ಭಾಲ್ಕಿಯವರಿರಲಿ, ಔರಾದಿನವರಿರಲಿ, ತಹಶೀಲ ಕಚೇರಿಗೆ ಹೋಗಿ ಹಳೆ ಖಾಸ್ರಾ ಪಹಣಿ ತೆಗೆಸುತ್ತೇವೆ. ಉರ್ದು ಬಲ್ಲ ಹಿರಿಯರನ್ನು ಹುಡುಕಿ ಓದಿಸುತ್ತೇವೆ. ಬಾಯಿಮಾತು ನಂಬುವುದಿಲ್ಲ, ಕಾಗದ ಕೇಳುತ್ತೇವೆ.

ಅದೇ ನಾವು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋದರೆ? ಗಂಟೆ ಹೊಡೆಯುವ ಗಡಿಯಾರದ ಗೊಂಬೆ ನೋಡುತ್ತೇವೆ, ಮುಸುಕು ಹೊದ್ದ ರೆಬೆಕಾ ಶಿಲ್ಪದ ಮುಂದೆ ನಿಲ್ಲುತ್ತೇವೆ. 'ಒಬ್ಬ ನವಾಬ ಇಷ್ಟೆಲ್ಲ ಕೂಡಿಸಿದನಂತೆ' ಅಂದು ಬೀದರ್ ಬಸ್ ಹತ್ತುತ್ತೇವೆ. ಕಾಗದ ಕೇಳುವುದಿಲ್ಲ. ನನ್ನ ತಕರಾರು ಇದೇ.

ಒಬ್ಬನೇ ಕೂಡಿಸಿದ ಅನ್ನುವುದು ಅರ್ಧ ಮಾತು. ರೆಬೆಕಾ ಶಿಲ್ಪವನ್ನು 1876ರಲ್ಲಿ ರೋಮ್‌ನಲ್ಲಿ ಕೊಂಡವರು ನಿಜಾಮನ ದಿವಾನರಾಗಿದ್ದ ಮೊದಲನೇ ಸಾಲಾರ್ ಜಂಗ್. ಹೆಚ್ಚಿನ ವಸ್ತು ಕೂಡಿಸಿದವರು ಅವರ ಮೊಮ್ಮಗ, ಮೂರನೇ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್. 1949ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡರು. 1951ರ ಡಿಸೆಂಬರ್ 16ರಂದು ದಿವಾನ್ ದೇವಡಿಯಲ್ಲಿ ನೆಹರೂ ಮ್ಯೂಸಿಯಂ ಉದ್ಘಾಟಿಸಿದರು. 1961ರಲ್ಲಿ ಸಂಸತ್ತು ಕಾಯ್ದೆ ಮಾಡಿ ರಾಷ್ಟ್ರೀಯ ಮಹತ್ವದ ಸಂಸ್ಥೆ ಅಂದಿತು. 1968ರಲ್ಲಿ ಮೂಸಿ ನದಿ ದಂಡೆಯ ಈಗಿನ ಕಟ್ಟಡಕ್ಕೆ ಬಂತು.

ಈಗ ರೊಕ್ಕದ ಮಾತು. ಆ ಮನೆತನಕ್ಕೆ ದೊಡ್ಡ ಜಹಗೀರಿತ್ತು. ನಮ್ಮ ಕೊಪ್ಪಳ, ಯಲಬುರ್ಗಾ ಅದರೊಳಗೇ ಇದ್ದವು. ಜೋಳ, ಹತ್ತಿ ಬೆಳೆದವರ ಕಂದಾಯ ಹೈದರಾಬಾದಿನ ಆ ಹವೇಲಿಗೆ ಹೋಗುತ್ತಿತ್ತು. ರೆಬೆಕಾ ಕೊಂಡ 1876ರಲ್ಲೇ ದಕ್ಷಿಣದ ದೊಡ್ಡ ಬರ ಶುರುವಾಯಿತು. ರಾಯಚೂರು ಸೀಮೆಯೂ ಅದರಲ್ಲಿ ಬೆಂದಿತು. ನಾನು ಯಾರ ಮೇಲೂ ಕಳವು ಹೊರಿಸುತ್ತಿಲ್ಲ. ಆ ವರ್ಷ ಜಹಗೀರಿನಿಂದ ಎಷ್ಟು ವಸೂಲಾಯಿತು, ಎಷ್ಟು ಮಾಫಿಯಾಯಿತು, ಎಷ್ಟು ಶಿಲ್ಪಕ್ಕೆ ಹೋಯಿತು, ಈ ಲೆಕ್ಕ ಶಿಲ್ಪದ ಪಕ್ಕದ ಫಲಕದಲ್ಲಿರಬೇಕು ಅನ್ನುತ್ತಿದ್ದೇನೆ.

ಇನ್ನು ಕೈಗಳ ಮಾತು. ಅಲ್ಲಿರುವ ಬಿದರಿ ಹುಕ್ಕಾ, ಹೂಜಿ, ಪಾನ್‌ದಾನಗಳನ್ನು ನೋಡಿ. ಸತುವಿನ ಎರಕ, ಬೆಳ್ಳಿ ತಂತಿಯ ಕೆತ್ತನೆ, ಕೋಟೆ ಮಣ್ಣಿನ ಕಪ್ಪು. ಆ ಕಸುಬಿನ ಹೆಸರೇ ನಮ್ಮ ಊರಿನ ಹೆಸರು. ಆದರೆ ಮಾಡಿದವನ ಹೆಸರು? ಹಳೆ ಬಿದರಿ ಸಾಮಾನಿನ ಮೇಲೆ ಕುಶಲಕರ್ಮಿಯ ಸಹಿ ಇರುವುದು ಬಲು ಅಪರೂಪ. ಕೊಂಡವನ ಹೆಸರು ಬಾಗಿಲ ಮೇಲಿದೆ, ಮಾಡಿದವನದು ಎಲ್ಲೂ ಇಲ್ಲ. ಮಜೂರಿ ಚೀಟಿ, ಖರೀದಿ ರಸೀದಿ, ದಾಖಲಾತಿ ಪುಸ್ತಕ, ಇವುಗಳಲ್ಲೇ ಆ ಹೆಸರು ಹುಡುಕಬೇಕು.

'ನವಾಬರು ಕೂಡಿಸದಿದ್ದರೆ ಬೆಳ್ಳಿ ಕರಗಿಸಿ ಮಾರಿಬಿಡುತ್ತಿದ್ದರು' ಅನ್ನುವವರಿದ್ದಾರೆ. ನಿಜ, ಉಳಿಸಿದ್ದಕ್ಕೆ ಶರಣು. ಆದರೆ ಉಳಿಸಿದವರಿಗೆ ಶರಣು ಅಂದರೆ ಲೆಕ್ಕ ಕೇಳಬಾರದು ಅಂತಲ್ಲ. ಸೊಸೈಟಿ ಕಾರ್ಯದರ್ಶಿ ಒಳ್ಳೆಯವನಿದ್ದರೂ ವರ್ಷಕ್ಕೊಮ್ಮೆ ಲೆಕ್ಕ ಓದಿಸುತ್ತೇವಲ್ಲ?

'ಇದು ಪಂಡಿತರ ಕೆಲಸ, ಹಳ್ಳಿಯವರಿಗೇಕೆ?' ಅನ್ನುವವರೂ ಇದ್ದಾರೆ. ನಿಜಾಮನ ಆಡಳಿತದ ಕಾಗದ ಮೊದಲು ಪಾರ್ಸಿಯಲ್ಲಿ, 1880ರ ದಶಕದಿಂದ ಉರ್ದುವಿನಲ್ಲಿ. ಬೆಂಗಳೂರಿನ ಪಂಡಿತರಲ್ಲಿ ಎಷ್ಟು ಜನರಿಗೆ ಅದು ಓದಲು ಬರುತ್ತದೆ? ನಮ್ಮ ಮೈಲೂರಿನಲ್ಲಿ, ಬೀದರಿನ ಓಣಿಗಳಲ್ಲಿ ಓದುವವರು ಇನ್ನೂ ಇದ್ದಾರೆ. ಅವರು ಇರುವಾಗಲೇ ಓದಿಸಬೇಕು.

1956ರಲ್ಲಿ ನಾವು ಕರ್ನಾಟಕಕ್ಕೆ ಬಂದೆವು. ನಿಜಾಮ ಸರ್ಕಾರದ ದೊಡ್ಡ ದಫ್ತರ ಹೈದರಾಬಾದಿನಲ್ಲೇ ಉಳಿಯಿತು, ಈಗ ತಾರ್ನಾಕಾದ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿದೆ. ಕರ್ನಾಟಕ ಸರ್ಕಾರ ಕಲ್ಯಾಣ ಕರ್ನಾಟಕದ ಹೆಸರಲ್ಲಿ ಕಟ್ಟಡ ಕಟ್ಟಿದ್ದು ಸಾಕು. ಬೀದರ್, ಕೊಪ್ಪಳದ ಕಾಗದಗಳ ನಕಲು ತರಿಸಲಿ, ಕನ್ನಡ ಮಾಡಿಸಲಿ, ಫೋನಿನಲ್ಲಿ ಸಿಗುವಂತೆ ಮಾಡಲಿ.

ಸರ್ಕಾರ ಮಾಡುವತನಕ ಕಾಯಬೇಕಿಲ್ಲ. ಸಾಲಾರ್ ಜಂಗ್ ಮ್ಯೂಸಿಯಂ ಕೇಂದ್ರದ ಸಂಸ್ಥೆ, 2005ರ ಮಾಹಿತಿ ಹಕ್ಕು ಕಾಯ್ದೆ ಅದಕ್ಕೂ ಲಾಗೂ. ಅರ್ಜಿ ಶುಲ್ಕ 10 ರೂಪಾಯಿ, ಬಿಪಿಎಲ್ ಇದ್ದವರಿಗೆ ಅದೂ ಇಲ್ಲ. ನಮ್ಮ ಭಾಗದ ಆಡಳಿತ ಭಾಷೆಯಲ್ಲೇ, ಅಂದರೆ ಕನ್ನಡದಲ್ಲೇ ಬರೆಯಬಹುದು. 30 ದಿನದೊಳಗೆ ಉತ್ತರ ಕೊಡಬೇಕು. ಎರಡೇ ಪ್ರಶ್ನೆ ಸಾಕು: ನಿಮ್ಮಲ್ಲಿರುವ ಬಿದರಿ ವಸ್ತುಗಳ ದಾಖಲಾತಿ ಪುಸ್ತಕದ ನಕಲು ಕೊಡಿ. ಕೊಪ್ಪಳ, ಯಲಬುರ್ಗಾ ಜಹಗೀರಿನ ಲೆಕ್ಕಪತ್ರ ನಿಮ್ಮಲ್ಲಿದ್ದರೆ ಪಟ್ಟಿ ಕೊಡಿ.

ಉತ್ತರ ಬಂದವರು ಫೋಟೊ ಹೊಡೆದು ನಮಗೆ ಕಳಿಸಿ. ಉರ್ದು ಓದಿಸುವ ಜವಾಬ್ದಾರಿ ನಮ್ಮದು.