ಬಾಲೇವಾಡಿಯಲ್ಲಿ ನಮ್ಮ ಹುಡುಗಿಯರು ಆಡಲಿ

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಅಧ್ಯಕ್ಷರಾದ ಶ್ರೀ ಕಲ್ಯಾಣ್ ಚೌಬೆ ಅವರಿಗೆ,



ಪುಣೆ ಕ್ಯಾಂಪ್‌ನಿಂದ ಬರೆಯುತ್ತಿದ್ದೇನೆ. ಉಡುಪಿ ಕಡೆಯಿಂದ ಹೋಟೆಲ್ ಕೆಲಸಕ್ಕೆಂದು ಬಂದು ಇಲ್ಲೇ ನೆಲೆನಿಂತ ಕುಟುಂಬ ನಮ್ಮದು. ಮಗಳು ಶಾಲೆಯ ತಂಡದಲ್ಲಿ ಲೆಫ್ಟ್ ಬ್ಯಾಕ್ ಆಡುತ್ತಾಳೆ. ತಮ್ಮಲ್ಲಿ ನನ್ನ ಬೇಡಿಕೆ ಒಂದೇ. ಭಾರತದ ಮಹಿಳಾ ತಂಡ ಬಾಲೇವಾಡಿಯ ಶಿವ ಛತ್ರಪತಿ ಕ್ರೀಡಾ ಸಂಕೀರ್ಣಕ್ಕೆ ಬಂದು ಒಂದು ಅಂತರರಾಷ್ಟ್ರೀಯ ಪಂದ್ಯ ಆಡಬೇಕು, ಆವತ್ತು ಅದರ ಗೇಟುಗಳು ಜನರಿಗೆ ತೆರೆದಿರಬೇಕು. ಪುಣೆಗೆ ಇದು ಬರಬೇಕಾದ ಬಾಕಿ ಎಂದೇ ನಾನು ತಿಳಿದಿದ್ದೇನೆ. ಯಾಕೆ ಎಂದು ಹೇಳುತ್ತೇನೆ.

2022ರ ಜನವರಿ 20ರಿಂದ ಫೆಬ್ರುವರಿ 6ರವರೆಗೆ ಎಎಫ್‌ಸಿ ಮಹಿಳಾ ಏಷ್ಯನ್ ಕಪ್ ನಮ್ಮ ದೇಶದಲ್ಲಿ ನಡೆಯಿತು. ಮುಂಬೈ, ನವಿ ಮುಂಬೈ ಜೊತೆಗೆ ಪುಣೆಯೂ ಆತಿಥೇಯ ನಗರ. ಅದಕ್ಕೂ ಹಿಂದೆ ಈ ಟೂರ್ನಿ ಭಾರತಕ್ಕೆ ಬಂದದ್ದು 1980ರಲ್ಲಿ, ಕೋಯಿಕ್ಕೋಡಿಗೆ. ಅಂದರೆ ನಾಲ್ಕು ದಶಕದ ಮೇಲೆ ಒದಗಿದ ಅವಕಾಶ. ಮೊದಲ ದಿನ ನವಿ ಮುಂಬೈನಲ್ಲಿ ನಮ್ಮವರು ಇರಾನ್ ಜೊತೆ ಗೋಲಿಲ್ಲದೆ ಸಮ ಮಾಡಿಕೊಂಡರು. ಮೂರು ದಿನ ಕಳೆದು ಚೈನೀಸ್ ತೈಪೆ ವಿರುದ್ಧ ಆಡಬೇಕಿತ್ತು. ಅಷ್ಟರಲ್ಲಿ ಕೋವಿಡ್ ತಂಡದೊಳಗೆ ಹೊಕ್ಕಿತ್ತು. ನಿಯಮ ಕೇಳುವ ಕನಿಷ್ಠ 13 ಆಟಗಾರ್ತಿಯರೂ ಇಲ್ಲದೆ ಪಂದ್ಯ ನಡೆಯಲೇ ಇಲ್ಲ, ಆತಿಥೇಯ ತಂಡವೇ ಟೂರ್ನಿಯಿಂದ ಹೊರಬಿತ್ತು. ಮುಂದಿನ ವರ್ಷದ ವಿಶ್ವಕಪ್‌ಗೆ ಏಷ್ಯಾದಿಂದ ಹೋಗುವ ದಾರಿ ಇದೇ ಆಗಿತ್ತು. ನಾಯಕಿ ಆಶಾಲತಾ ದೇವಿ ಮತ್ತು ಅವರ ಜೊತೆಗಾರ್ತಿಯರು ಎಷ್ಟೋ ತಿಂಗಳು ಮನೆಮಠ ಬಿಟ್ಟು ಮಾಡಿದ ತಯಾರಿ ಒಂದೇ ಪಂದ್ಯಕ್ಕೆ ಮುಗಿಯಿತು.

ತಾವು ಅಧ್ಯಕ್ಷರಾಗಿ ಆಯ್ಕೆಯಾದದ್ದು ಅದೇ ವರ್ಷದ ಸೆಪ್ಟೆಂಬರ್ 2ರಂದು, ಟೂರ್ನಿ ಮುಗಿದು ಏಳು ತಿಂಗಳಾದ ಮೇಲೆ. ಆಗಿದ್ದಕ್ಕೆ ತಮ್ಮನ್ನು ದೂರುವುದು ಸರಿಯಲ್ಲ, ದೂರುತ್ತಲೂ ಇಲ್ಲ. ಆದರೆ ನಮ್ಮ ತಂಡ ಹೊರಬಿದ್ದ ಮೇಲೆ ಪುಣೆಯಲ್ಲಿ ಏನಾಯಿತು ಎಂಬುದನ್ನು ತಮಗೆ ಹೇಳಲೇಬೇಕು, ಅದರಲ್ಲೂ ತಾವು ಗೋಲ್‌ಕೀಪರ್ ಆಗಿದ್ದವರಾದ್ದರಿಂದ.

ಜನವರಿ 30ರಂದು ಬಾಲೇವಾಡಿಯಲ್ಲಿ ಕ್ವಾರ್ಟರ್‌ಫೈನಲ್. ಸ್ಯಾಮ್ ಕೆರ್ ಇದ್ದ ಆಸ್ಟ್ರೇಲಿಯಾವನ್ನು ಆಟ ಮುಗಿಯಲು ಮೂರು ನಿಮಿಷವಿದ್ದಾಗ ಜಿ ಸೊ-ಯುನ್ ಹೊಡೆದ ಒಂದೇ ಗೋಲಿನಿಂದ ದಕ್ಷಿಣ ಕೊರಿಯಾ ಮನೆಗೆ ಕಳಿಸಿತು. ಅದೇ ದಿನ ಅದೇ ಅಂಗಳದಲ್ಲಿ ಫಿಲಿಪೀನ್ಸ್ ಮತ್ತು ಚೈನೀಸ್ ತೈಪೆ 1-1ರಲ್ಲಿ ನಿಂತು ಪೆನಾಲ್ಟಿಗೆ ಹೋದವು. ಫಿಲಿಪೀನ್ಸ್ ಗೋಲ್‌ಕೀಪರ್ ಒಲಿವಿಯಾ ಮೆಕ್‌ಡ್ಯಾನಿಯಲ್ ಎದುರಾಳಿಗಳ ಹೊಡೆತ ತಡೆದದ್ದಲ್ಲದೆ ತಾನೂ ಒಂದು ಪೆನಾಲ್ಟಿ ಹೊಡೆದು ಗೋಲು ಮಾಡಿದಳು. ಕೊನೆಯ ಹೊಡೆತ ಸರೀನಾ ಬೋಲ್ಡನ್‌ದು. ಅದು ಬಲೆ ಸೇರಿದಾಗ ಫಿಲಿಪೀನ್ಸ್ 4-3ರಿಂದ ಗೆದ್ದು, ತನ್ನ ಚರಿತ್ರೆಯಲ್ಲೇ ಮೊದಲ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಆ ದೇಶದ ಗಂಡಸರ ತಂಡ ಕೂಡ ಅಲ್ಲಿಯವರೆಗೆ ವಿಶ್ವಕಪ್ ಕಂಡಿರಲಿಲ್ಲ. ಮರುವರ್ಷ ಜುಲೈ 25ರಂದು ವೆಲಿಂಗ್ಟನ್‌ನಲ್ಲಿ ಆತಿಥೇಯ ನ್ಯೂಜಿಲೆಂಡ್ ತಂಡವನ್ನು ಅದೇ ಬೋಲ್ಡನ್ ಗೋಲಿನಿಂದ, ಅದೇ ಮೆಕ್‌ಡ್ಯಾನಿಯಲ್ ಕಾವಲಿನಲ್ಲಿ ಅವರು ಸೋಲಿಸಿದರು.

ಇಷ್ಟು ದೊಡ್ಡ ಸಂಗತಿ ನಮ್ಮ ಊರಿನಲ್ಲಿ ನಡೆಯಿತು, ನಾವು ಯಾರೂ ನೋಡಲಿಲ್ಲ. ಕೋವಿಡ್ ನಿರ್ಬಂಧದಿಂದ ಗ್ಯಾಲರಿಗಳೆಲ್ಲ ಖಾಲಿ. ಕ್ಯಾಂಪ್‌ನ ನಮ್ಮ ಮಕ್ಕಳು ಅದನ್ನು ಫೋನಿನ ಪರದೆಯ ಮೇಲೆ ಕಂಡರು. ಆಗ ಬಾಗಿಲು ಮುಚ್ಚಿದ್ದು ಸರಿಯೇ, ಪ್ರಾಣಕ್ಕಿಂತ ಆಟ ದೊಡ್ಡದಲ್ಲ. ಆದರೆ ರೋಗ ಹೋಗಿ ವರ್ಷಗಳಾದ ಮೇಲೂ ನಮ್ಮ ಮಹಿಳಾ ತಂಡವನ್ನು ಈ ಊರು ಕಣ್ಣಾರೆ ನೋಡಿಲ್ಲ ಎಂಬುದು ನನ್ನನ್ನು ಬಹಳ ನೋಯಿಸುತ್ತದೆ.

ಮಕ್ಕಳು ನೋಡಲು ಬೇರೆ ದೊಡ್ಡ ಫುಟ್‌ಬಾಲ್ ಆದರೂ ಇದೆಯೇ ಎಂದರೆ ಅದೂ ಇಲ್ಲ. ಐ-ಲೀಗ್ ಆಡುತ್ತಿದ್ದ ಪುಣೆ ಎಫ್‌ಸಿ 2015ರಲ್ಲಿ ಮುಚ್ಚಿತು. ಐಎಸ್‌ಎಲ್‌ನ ಎಫ್‌ಸಿ ಪುಣೆ ಸಿಟಿ 2019ಕ್ಕೆ ನಿಂತು, ಅದರ ಜಾಗ ಹೈದರಾಬಾದ್ ಪಾಲಾಯಿತು. ಉಳಿದದ್ದು ಶಾಲೆಯ ಮೈದಾನಗಳು, ಮತ್ತೆ ಹುಡುಗರು ಕ್ರಿಕೆಟ್‌ಗೆ ಹಿಡಿದಿಟ್ಟುಕೊಂಡ ಬಯಲಿನ ಒಂದು ಅಂಚು. ಭಾನುವಾರ ಬೆಳಿಗ್ಗೆ ಆ ಅಂಚಿಗೆ ಬಂದು ನೋಡಬೇಕು ತಾವು. ಅಣ್ಣನ ಹಳೆಯ ಬೂಟಿನ ಮೂತಿಗೆ ಪೇಪರ್ ತುರುಕಿ ಲೇಸ್ ಕಟ್ಟುವ ಹುಡುಗಿಯರಿದ್ದಾರೆ. ಶಿನ್‌ಗಾರ್ಡ್ ಇಲ್ಲದವರು ರಟ್ಟಿನ ಡಬ್ಬ ಕತ್ತರಿಸಿ ಸಾಕ್ಸ್ ಒಳಗೆ ಇಳಿಸಿಕೊಳ್ಳುತ್ತಾರೆ. ಒಂದು ಟ್ಯಾಕಲ್ ಬಿದ್ದರೆ ರಟ್ಟು ಮುದುಡುತ್ತದೆ, ತೆಗೆದು ನೆಟ್ಟಗೆ ಮಾಡಿ ಮತ್ತೆ ಇಟ್ಟುಕೊಳ್ಳುತ್ತಾರೆ. ಮಾತು ಮರಾಠಿ, ಹಿಂದಿ, ಕನ್ನಡ, ತಮಿಳು, ಎಲ್ಲವೂ. ಮೆಸ್ಸಿ, ರೊನಾಲ್ಡೊ ಹೆಸರು ಎಲ್ಲರ ನಾಲಿಗೆಯ ಮೇಲೆ. ಸಂಗೀತಾ ಬಸ್ಫೋರ್ ಯಾರೆಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ.

ಆ ಹೆಸರು ದೇಶದ ಪ್ರತಿ ಹುಡುಗಿಗೂ ಗೊತ್ತಿರಬೇಕಿತ್ತು. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ, ಎರಡು ಬಾರಿ ವಿಶ್ವಕಪ್ ಆಡಿದ ಥಾಯ್ಲೆಂಡನ್ನು ಅವರದೇ ನೆಲದಲ್ಲಿ ನಾವು 2-1ರಿಂದ ಸೋಲಿಸಿದ್ದು ಸಂಗೀತಾ ಹೊಡೆದ ಎರಡು ಗೋಲುಗಳಿಂದ. ಆ ಅರ್ಹತಾ ಸುತ್ತಿನ ನಾಲ್ಕು ಪಂದ್ಯಗಳಲ್ಲಿ ನಮ್ಮವರು ಹೊಡೆದದ್ದು 24 ಗೋಲು, ಬಿಟ್ಟುಕೊಟ್ಟದ್ದು ಒಂದೇ ಒಂದು. ಆಸ್ಟ್ರೇಲಿಯಾದ 2026ರ ಏಷ್ಯನ್ ಕಪ್‌ಗೆ ಯಾರ ಆತಿಥ್ಯದ ಹಂಗೂ ಇಲ್ಲದೆ ತಾವೇ ದಾರಿ ಮಾಡಿಕೊಂಡರು. 2025ರ ಅಕ್ಟೋಬರ್ 14ರಂದು ಮಡಗಾಂವ್‌ನಲ್ಲಿ ಪುರುಷರ ತಂಡ ಸಿಂಗಾಪುರಕ್ಕೆ ಸೋತು 2027ರ ಏಷ್ಯನ್ ಕಪ್ ಕಳೆದುಕೊಂಡಿತು. ಗಂಡಸರನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ, ಆ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಗೆದ್ದವರಿಗೆ ತುಂಬಿದ ಗ್ಯಾಲರಿ ಸಿಗಬೇಕು, ಅಷ್ಟೇ ನನ್ನ ಮಾತು.

ತುಂಬಿದ ಗ್ಯಾಲರಿ ಏನು ಮಾಡುತ್ತದೆ ಎಂಬುದನ್ನು ಕನ್ನಡಿಗರು ಕಣ್ಣಾರೆ ಕಂಡಿದ್ದಾರೆ. 2023ರ ಸ್ಯಾಫ್ ಚಾಂಪಿಯನ್‌ಷಿಪ್ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದಾಗ, ಮೊದಲ ದಿನವೇ ಸುರಿವ ಮಳೆಯಲ್ಲಿ ಕೂತು ಜನ ಪಾಕಿಸ್ತಾನದ ವಿರುದ್ಧ ಸುನಿಲ್ ಛೆಟ್ರಿಯ ಹ್ಯಾಟ್ರಿಕ್ ನೋಡಿದರು. ಜುಲೈ 4ರ ಫೈನಲ್‌ನಲ್ಲಿ ಕುವೈತ್ ಮೊದಲು ಗೋಲು ಹೊಡೆಯಿತು. ಜನ ಎದ್ದು ಹೋಗಲಿಲ್ಲ, ಕೂಗು ಇನ್ನೂ ಏರಿತು. ಛಾಂಗ್ಟೆ ಸಮ ಮಾಡಿದ, ಪೆನಾಲ್ಟಿಯಲ್ಲಿ ಗುರ್‌ಪ್ರೀತ್ ಕೊನೆಯ ಹೊಡೆತ ತಡೆದ, ಒಂಬತ್ತನೇ ಬಾರಿ ಕಪ್ ನಮ್ಮದಾಯಿತು. ಕ್ಯಾಂಪ್‌ನಲ್ಲಿ ಟಿವಿ ಮುಂದೆ ಕೂತಿದ್ದ ನಮಗೂ ಆ ಕೂಗು ಮೈಯೊಳಗೆ ಇಳಿದಿತ್ತು. ನಮ್ಮ ಹುಡುಗಿಯರ ಬೆನ್ನಿಗೆ ಅಂಥ ಕೂಗು ಎಷ್ಟು ಸಲ ಸಿಕ್ಕಿದೆ?

ಖರ್ಚಿನ ಮಾತು ಬರುತ್ತದೆ ಎಂದು ಬಲ್ಲೆ. ಕ್ರೀಡಾಂಗಣ ರಾಜ್ಯ ಸರ್ಕಾರದ್ದು, ಅವರನ್ನೂ ಒಪ್ಪಿಸಬೇಕು. ಆದರೆ ಹೊಸದಾಗಿ ಕಟ್ಟುವಂಥದ್ದೇನಿಲ್ಲ, ಏಷ್ಯನ್ ಕಪ್‌ಗೆ ಸಾಲುವ ಅಂಗಳ ಅದು. ಫಿಫಾ ಪಂದ್ಯಗಳ ದಿನಾಂಕ ಎಷ್ಟೋ ಮೊದಲೇ ಗೊತ್ತಾಗುತ್ತದೆ. ಎದುರಾಳಿಯನ್ನು ದೂರದಿಂದ ಕರೆಸಬೇಕಾಗಿಯೂ ಇಲ್ಲ. 2010ರಿಂದ 2019ರವರೆಗೆ ಐದೂ ಸಲ ನಾವೇ ಗೆದ್ದ ಸ್ಯಾಫ್ ಮಹಿಳಾ ಕಪ್ಪನ್ನು 2022ರಲ್ಲೂ 2024ರಲ್ಲೂ ಬಾಂಗ್ಲಾದೇಶ ಒಯ್ದಿತು. ಅವರನ್ನೇ ಕರೆಯಿರಿ, ನೇಪಾಳವನ್ನು ಕರೆಯಿರಿ. ಆಟ ಜೋರಾಗಿಯೇ ಇರುತ್ತದೆ.

ಪಂದ್ಯ ಸಂಜೆ ಹೊತ್ತಿಗೆ, ಶಾಲೆ ಬಿಟ್ಟ ಮೇಲೆ ಇರಲಿ. ಸಮವಸ್ತ್ರದಲ್ಲಿ ಬಂದ ಹುಡುಗಿಯರಿಗೆ ಟಿಕೆಟ್ ಬೇಡ. ಕ್ಯಾಂಪ್‌ನಿಂದ ಬಾಲೇವಾಡಿ ಊರಿನ ಆಚೆ ತುದಿ, ಮಕ್ಕಳನ್ನು ಕಳಿಸಲು ತಂದೆತಾಯಿ ಹಿಂಜರಿಯುತ್ತಾರೆ. ಶಾಲೆಗಳಿಂದ ಬಸ್ಸಿನ ಏರ್ಪಾಡು ಆಗಬೇಕು. ಹಿಂದಿನ ದಿನದ ಅಭ್ಯಾಸಕ್ಕೂ ಮಕ್ಕಳನ್ನು ಬಿಡಿ, ತಂಡದ ಗೋಲ್‌ಕೀಪರ್ ಹೇಗೆ ಜಿಗಿಯುತ್ತಾಳೆ ಎಂಬುದನ್ನು ಹತ್ತಿರದಿಂದ ನೋಡಲಿ. ತಾವು ದಿನಾಂಕ ಪ್ರಕಟಿಸಿ. ಕ್ಯಾಂಪ್‌ನ ಶಾಲೆಶಾಲೆಗೆ ಹೋಗಿ ಮಕ್ಕಳನ್ನು ಸೇರಿಸುವ ಕೆಲಸಕ್ಕೆ ನಾನೂ ಇಲ್ಲಿನ ಇತರ ತಾಯಂದಿರೂ ಸಿದ್ಧರಿದ್ದೇವೆ.

ತಮ್ಮ ಉತ್ತರಕ್ಕೆ ಕಾಯುತ್ತಿರುವ,
ಪುಣೆ ಕ್ಯಾಂಪ್‌ನ ಒಬ್ಬ ಕನ್ನಡತಿ