ಪಿಕಪ್ಪಿನ ಬ್ರೇಕೂ ಯಜಮಾನರ ಹೊಣೆಯೂ

(ಓರ್ವ ಕೃಷಿ ಇನ್ಸ್‌ಪೆಕ್ಟರರು, ಎಲ್. ಎಜಿ.)

ಗೊಬ್ಬರ, ಬಿತ್ತನೆ, ಕೊಳೆರೋಗ ಮೊದಲಾದ ವಿಷಯಗಳನ್ನು ಈ ಪತ್ರಿಕೆಯಲ್ಲಿ ಓದಿ ರೂಢಿಯಾದ ಮಹನೀಯರಿಗೆ ವಾಹನದ ಬ್ರೇಕಿನ ಪ್ರಸ್ತಾಪವು ಅಪ್ರಕೃತವೆಂದು ತೋರಬಹುದು. ಆದರೆ ಬಂಟ್ವಾಳ ತಾಲೂಕಿನ ಕನ್ಯಾನ, ಕರೋಪಾಡಿ, ಅಳಿಕೆ ಮೊದಲಾದ ಗ್ರಾಮಗಳಲ್ಲಿ ಇಂದಿನ ಬೇಸಾಯವು ಹಾರೆ ಗುದ್ದಲಿಗಳನ್ನು ಎಷ್ಟು ನಂಬಿರುವುದೋ ಪಿಕಪ್ ವಾಹನವನ್ನೂ ಅಷ್ಟೇ ನಂಬಿರುವುದು. ಹಟ್ಟಿಗೊಬ್ಬರ, ಸುಣ್ಣ, ಸಸಿ, ಕೆಂಪುಕಲ್ಲು ಇವೆಲ್ಲವೂ ತೋಟಕ್ಕೆ ಇಳಿಯುವುದು ಅದರಲ್ಲಿ. ಅಡಿಕೆ, ತೆಂಗಿನಕಾಯಿ, ರಬ್ಬರ್ ಶೀಟುಗಳು ವಿಟ್ಲಕ್ಕಾಗಲಿ ಗಡಿಯಾಚೆಯ ಬಾಯಾರು ಉಪ್ಪಳಗಳ ಕಡೆಗಾಗಲಿ ಹೋಗುವುದೂ ಅದರಲ್ಲಿಯೇ. ಆದುದರಿಂದ ಅದರ ಸುಸ್ಥಿತಿಯ ವಿಚಾರವು ಬೇಸಾಯದ ವಿಚಾರವೇ ಆಗಿದೆ.

ನಮ್ಮ ಸೀಮೆಯ ನೆಲದ ರಚನೆಯನ್ನು ವಾಚಕರು ಬಲ್ಲರು. ಡಾಮರು ರಸ್ತೆಯು ಹೆಚ್ಚಾಗಿ ಗುಡ್ಡದ ಮೇಲೆ. ಮನೆ, ಬಾವಿ, ತೋಟಗಳು ಕೆಳಗೆ ಬಯಲಿನಲ್ಲಿ. ನಡುವಣ ದಾರಿಯನ್ನು ಆಯಾ ಮನೆಯವರು ಗುಡ್ಡವನ್ನು ಕಡಿಸಿ ತಮ್ಮ ಅನುಕೂಲಕ್ಕೆ ತಕ್ಕಂತೆ ಮಾಡಿಸಿಕೊಂಡಿರುವರು. ಒಂದು ಪಕ್ಕದಲ್ಲಿ ದರೆ, ಮತ್ತೊಂದು ಪಕ್ಕದಲ್ಲಿ ನೆರೆಯವರ ಅಡಿಕೆ ಮರಗಳ ತುದಿ. ಇಳಿಜಾರನ್ನು ಅಳೆದವರಾರೂ ಇಲ್ಲ. ಇಂತಹ ದಾರಿಯಲ್ಲಿ ಹೊರೆ ತುಂಬಿದ ವಾಹನವು ದಿನಕ್ಕೆ ನಾಲ್ಕಾರು ಬಾರಿ ಇಳಿಯುವುದುಂಟು.

ಕಳೆದ ವರ್ಷ ಮಳೆಗಾಲದ ಆರಂಭದಲ್ಲಿ ಇಂತಹುದೇ ಒಂದು ದಾರಿಯಲ್ಲಿ ನಡೆದ ಸಂಗತಿಯೊಂದನ್ನು ಇಲ್ಲಿ ಹೇಳಬೇಕಾಗಿದೆ. ಅಡಿಕೆ ಸಸಿಗಳು ಎರಡು ದಿನಗಳಿಂದ ರಸ್ತೆಯ ಬದಿಯಲ್ಲಿ ಬಿದ್ದಿದ್ದುವು. ಬಾಡಿಹೋಗುವುವೆಂದು ಅವಸರಪಡಿಸಿದವನು ನಾನೇ. ಸಸಿಗಳ ಜೊತೆಗೆ ಗೊಬ್ಬರದ ಮೂಟೆಗಳನ್ನೂ ಪಿಕಪ್ಪಿಗೇರಿಸಿದರು. ಮೂಟೆಗಳ ಮೇಲೆ ಇಬ್ಬರು ಆಳುಗಳು ಕುಳಿತರು. ಎರಡನೆಯ ತಿರುವಿನಲ್ಲಿ ಬ್ರೇಕಿನ ಪೆಡಲು ತಳಕ್ಕೆ ಮುಟ್ಟಿತು. ಚಾಲಕನು ಧೃತಿಗೆಡದೆ ಕೆಳಗಿನ ಗೇರಿಗೆ ಹಾಕಿ, ವಾಹನವನ್ನು ದರೆಗೆ ಉಜ್ಜಿಸಿ ನಿಲ್ಲಿಸಿದುದರಿಂದ ಪ್ರಾಣಹಾನಿಯಾಗಲಿಲ್ಲ. ಆದರೆ ಮೂಟೆಗಳ ಮೇಲಿದ್ದ ಹೆಂಗಸಿನ ಮಣಿಕಟ್ಟು ಮುರಿಯಿತು. ಅಡಿಕೆ ಸುಲಿದು ಸಂಸಾರ ನಡೆಸುತ್ತಿದ್ದ ಆಕೆಗೆ ಮೂರು ತಿಂಗಳು ಕೈಕಟ್ಟಿ ಕುಳಿತಿರಬೇಕಾಯಿತು.

ಮರುದಿನ ಗರಾಜಿನಲ್ಲಿ ಚಕ್ರವನ್ನು ಬಿಚ್ಚಿ ನೋಡಿದಾಗ ಕಂಡುದಿಷ್ಟೆ: ಹಿಂದಿನ ಒಂದು ಚಕ್ರದೊಳಗಣ ಸಣ್ಣ ಸಿಲಿಂಡರಿನ ರಬ್ಬರು ಸವೆದು, ಬ್ರೇಕ್ ಆಯಿಲು ಸೋರಿ, ಲೈನರನ್ನು ತೋಯಿಸಿತ್ತು. ಮುಂಚಕ್ರಗಳ ಬ್ರೇಕು ಉಳಿದಿದ್ದರೂ ಅಷ್ಟು ಹೊರೆಯನ್ನು ಅದೊಂದೇ ತಡೆಯಲಾರದೆ ಹೋಯಿತು. ಆ ರಬ್ಬರಿನ ಕ್ರಯವು ಒಂದು ಕಿಲೋ ಅಡಿಕೆಯ ಕ್ರಯಕ್ಕಿಂತ ಹೆಚ್ಚಿನದಾಗಿರಲಿಲ್ಲ. ಪೆಡಲು ಕೆಳಗಿಳಿಯುತ್ತಿದೆಯೆಂದು ಚಾಲಕನು ವಾರದ ಹಿಂದೆಯೇ ಯಜಮಾನರಿಗೆ ತಿಳಿಸಿದ್ದನಂತೆ. "ಅಡಿಕೆ ತೂಗಿಯಾದ ಮೇಲೆ ನೋಡುವ" ಎಂದು ಉತ್ತರ ದೊರಕಿತ್ತಂತೆ. ಯಜಮಾನರು ಕೆಟ್ಟವರಲ್ಲ, ಆಸ್ಪತ್ರೆಯ ಖರ್ಚನ್ನೆಲ್ಲ ಅವರೇ ಕೊಟ್ಟರು. ಆದರೆ ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತಾಯಿತು.

ಅಂದಿನಿಂದ ನನ್ನ ಮನಸ್ಸಿನಲ್ಲಿ ನೆಲೆಸಿರುವ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಬ್ರೇಕು ಚಾಲಕನ ಕಾಲಿನ ಕೆಳಗಿದ್ದರೂ ಅದರ ಹೊಣೆಯು ಯಜಮಾನರದು. ಹಣದ ಕೈ ಯಾರದೋ ಹೊಣೆಯೂ ಅವರದೇ.

ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಬೀಳುವ ಭಾರವೆಷ್ಟೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಹೊರೆಯೂ ಸೇರಿ ೩ ಟನ್ ತೂಗುವ ವಾಹನವು ೧೦೦ ಮೀಟರ್ ಎತ್ತರದಿಂದ ಕೆಳಗಿಳಿಯುವಾಗ ಕೇವಲ ಬ್ರೇಕಿನಿಂದಲೇ ಅದನ್ನು ತಡೆದರೆ, ಅಲ್ಲಿ ಹುಟ್ಟುವ ಶಾಖವು ಸುಮಾರು ೧೦ ಲೀಟರ್, ಎಂದರೆ ಒಂದು ಕೊಡಪಾನದಷ್ಟು, ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕಾಗುವುದು. ಇಷ್ಟು ಶಾಖವನ್ನು ನಾಲ್ಕು ಚಕ್ರಗಳಲ್ಲಿರುವ ಸಣ್ಣ ಲೈನರುಗಳೂ ಪ್ಯಾಡುಗಳೂ ಸಹಿಸಬೇಕು. ಅತಿಯಾಗಿ ಕಾದ ಲೈನರು ಹಿಡಿತವನ್ನು ಕಳೆದುಕೊಳ್ಳುವುದು. ಆದುದರಿಂದಲೇ ಇಳಿಯುವಾಗ ಕೆಳಗಿನ ಗೇರಿನಲ್ಲಿದ್ದು, ಹೊರೆಯ ಪಾಲೊಂದನ್ನು ಎಂಜಿನಿಗೆ ಒಪ್ಪಿಸತಕ್ಕದ್ದು.

ಎರಡನೆಯದು ಬ್ರೇಕ್ ಆಯಿಲಿನ ಗುಣ. ಹೆಸರು ಆಯಿಲಾದರೂ ಇದು ಎಂಜಿನಿನ ಎಣ್ಣೆಯಂತಹುದಲ್ಲ. ಉಪ್ಪಿನ ಭರಣಿಯಂತೆ ಇದೂ ಗಾಳಿಯ ತೇವವನ್ನು ಹೀರಿಕೊಳ್ಳುವುದು. 'ಡಾಟ್ ೩' ಎಂಬ ದರ್ಜೆಯ ಹೊಸ ಆಯಿಲು ಕುದಿಯಲು ಕನಿಷ್ಠ ೨೦೫ ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ನೀರು ಸೇರಿದ ಮೇಲೆ ಈ ಮಿತಿಯು ೧೪೦ಕ್ಕೆ ಇಳಿಯುವುದು. 'ಡಾಟ್ ೪' ದರ್ಜೆಗೆ ಇವು ಕ್ರಮವಾಗಿ ೨೩೦ ಮತ್ತು ೧೫೫. ಆಯಿಲು ಕುದಿದರೆ ಕೊಳವೆಯೊಳಗೆ ಆವಿ ತುಂಬುವುದು. ಆವಿಯು ಒತ್ತಿದಷ್ಟೂ ಕುಗ್ಗುವುದರಿಂದ ಕಾಲಿನ ಬಲವು ಚಕ್ರವನ್ನು ಮುಟ್ಟುವುದಿಲ್ಲ. ನಾಲ್ಕು ತಿಂಗಳು ಮಳೆಯಲ್ಲಿ ನೆನೆಯುವ ನಮ್ಮ ಜಿಲ್ಲೆಯಲ್ಲಿ ಈ ಆಯಿಲನ್ನು ಎರಡು ವರ್ಷಕ್ಕೊಮ್ಮೆಯಾದರೂ ಪೂರ್ಣವಾಗಿ ಬದಲಾಯಿಸುವುದು ಅವಶ್ಯ. ತಯಾರಕರ ಪುಸ್ತಕದಲ್ಲಿ ಇನ್ನೂ ಬೇಗ ಎಂದಿದ್ದರೆ ಅದನ್ನೇ ಅನುಸರಿಸತಕ್ಕದ್ದು.

ತೋಟಗಾರರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಮೈಲುತುತ್ತನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದೆಂದು ನಾವು ಬಹುಕಾಲದಿಂದ ಹೇಳುತ್ತ ಬಂದಿದ್ದೇವೆ. ಅದು ಕಬ್ಬಿಣವನ್ನು ತಿನ್ನುವುದೇ ಇದಕ್ಕೆ ಕಾರಣ. ಹೀಗಿರಲು ಅದೇ ಮೈಲುತುತ್ತಿನ ದ್ರಾವಣದ ಪೀಪಾಯಿಯನ್ನು ಪಿಕಪ್ಪಿನಲ್ಲಿಟ್ಟು ತುಳುಕಿಸುತ್ತ ಹೋದರೆ, ತೊಟ್ಟಿಯ ಕೆಳಗೆ ಹಾದುಹೋಗುವ ಬ್ರೇಕಿನ ಉಕ್ಕಿನ ಕೊಳವೆಗೆ ಏನಾಗಬಹುದು? ರಸಗೊಬ್ಬರದ ಪುಡಿಯೂ ತೇವದೊಡನೆ ಸೇರಿ ತುಕ್ಕನ್ನು ಹೆಚ್ಚಿಸುವುದು. ಸಿಂಪಡಣೆಯ ದಿನಗಳಲ್ಲಿ ಪ್ರತಿ ಸಂಜೆ ವಾಹನದ ಅಡಿಭಾಗವನ್ನು ಶುದ್ಧ ನೀರಿನಿಂದ ತೊಳೆಯಿಸುವುದು ಒಳ್ಳೆಯದು.

ಇನ್ನು ನಮ್ಮಲ್ಲಿ ಬೇರೂರಿರುವ ಕೆಲವು ಅಭ್ಯಾಸಗಳು. ಡೀಸೆಲ್ ಉಳಿಸುವುದಕ್ಕಾಗಿ ಇಳಿಜಾರಿನಲ್ಲಿ ಎಂಜಿನನ್ನು ನಿಲ್ಲಿಸಿ ನ್ಯೂಟ್ರಲಿನಲ್ಲಿ ಬಿಡುವುದು ಇವುಗಳಲ್ಲಿ ಅತ್ಯಂತ ಅಪಾಯಕರವಾದುದು. ಕಾಲಿನ ಒತ್ತಡಕ್ಕೆ ಸಹಾಯವಾಗಿ ಬೂಸ್ಟರ್ ಎಂಬ ಉಪಕರಣವಿದೆ. ಎಂಜಿನು ನಿಂತ ಮೇಲೆ ಎರಡು ಮೂರು ಬಾರಿ ತುಳಿಯುವಷ್ಟರಲ್ಲಿ ಅದರ ಬಲ ಮುಗಿಯುವುದು. ಆಮೇಲೆ ಪೆಡಲು ಕಲ್ಲಿನಂತಾಗುವುದು. ಉಳಿಯುವುದು ನಾಲ್ಕು ಕಾಸು, ಪಣಕ್ಕಿಡುವುದು ಪ್ರಾಣ. ಆಯಿಲಿನ ಮಟ್ಟ ಇಳಿದಾಗಲೆಲ್ಲ ಕಾರಣ ಹುಡುಕದೆ ಮೇಲಿನಿಂದ ಹೊಯ್ಯುವುದು ಮತ್ತೊಂದು ದುರಭ್ಯಾಸ. ಮಟ್ಟವು ತಿಂಗಳುಗಟ್ಟಲೆಯಲ್ಲಿ ಮೆಲ್ಲನೆ ಇಳಿದರೆ ಲೈನರೋ ಪ್ಯಾಡೋ ಸವೆಯುತ್ತಿದೆಯೆಂದೂ, ದಿನಗಳಲ್ಲಿಯೇ ಇಳಿದರೆ ಎಲ್ಲೋ ಸೋರುತ್ತಿದೆಯೆಂದೂ ತಿಳಿಯಬೇಕು. ಆಯಿಲು ಸಿಗಲಿಲ್ಲವೆಂದು ಎಂಜಿನ್ ಎಣ್ಣೆ ಹೊಯ್ಯುವುದು, ಒಳಭಾಗಗಳನ್ನು ಸೀಮೆಎಣ್ಣೆಯಿಂದ ತೊಳೆಯುವುದು, ಇವೆರಡೂ ರಬ್ಬರನ್ನು ಉಬ್ಬಿಸಿ ಕೆಡಿಸುವುವು. ಡ್ರಮ್ಮಿನ ಧೂಳನ್ನು ಬಾಯಿಂದ ಊದುವುದೂ ಶ್ವಾಸಕೋಶಕ್ಕೆ ಹಾನಿಕರ, ಒದ್ದೆಬಟ್ಟೆಯಿಂದ ಒರಸತಕ್ಕದ್ದು.

ಹಾಗಾದರೆ ಯಜಮಾನರು ಮಾಡತಕ್ಕುದೇನು? ತಾರೀಕುಗಳನ್ನು ಮರೆಯುವುದು ಸಹಜ. ಆದರೆ ಪರ್ವಗಳನ್ನು ತುಳುನಾಡಿನಲ್ಲಿ ಯಾರೂ ಮರೆಯುವುದಿಲ್ಲ. ಆದುದರಿಂದ ವರ್ಷಕ್ಕೆ ಮೂರು ಪರೀಕ್ಷೆಗಳನ್ನು ಮೂರು ಪರ್ವಗಳಿಗೆ ಸೇರಿಸಿಕೊಳ್ಳಬೇಕೆಂದು ನನ್ನ ಸೂಚನೆ. ಮೊದಲನೆಯದು ಫೆಬ್ರವರಿಯಲ್ಲಿ ಬರುವ ಕೆಡ್ಡಸ. ಭೂಮಿಗೆ ವಿಶ್ರಾಂತಿ ಕೊಡುವ ಆ ದಿನಗಳಲ್ಲಿ ವಾಹನಕ್ಕೂ ಬಿಡುವಿರುತ್ತದೆ. ಎರಡನೆಯದು ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆ. ಮಳೆ ಹಿಡಿಯುವುದಕ್ಕೆ ಮುಂಚೆ ಈ ಪರೀಕ್ಷೆಯು ಅತ್ಯಾವಶ್ಯಕ. ಮೂರನೆಯದು ಮಳೆ ಮುಗಿದ ಮೇಲೆ ಬರುವ ಆಯುಧಪೂಜೆ. ಅಂದು ವಾಹನಕ್ಕೆ ಹೂಮಾಲೆ ಹಾಕಿ, ಚಕ್ರಕ್ಕೆ ಲಿಂಬೆಹಣ್ಣು ಇಡುವುದು ಸಂಪ್ರದಾಯ. ಪೂಜೆಯ ಮುಂಚಿನ ವಾರದಲ್ಲಿ ನಾಲ್ಕು ಚಕ್ರಗಳನ್ನೂ ಬಿಚ್ಚಿಸಿ ನೋಡಿದರೆ ಆ ಪೂಜೆಯು ಸಾರ್ಥಕವಾಗುವುದು.

ಈ ಮೂರು ಸಂದರ್ಭಗಳಲ್ಲಿ ಬಲ್ಲ ಮೆಕ್ಯಾನಿಕನಿಂದ ಲೈನರು, ಪ್ಯಾಡು, ಚಕ್ರದ ಸಿಲಿಂಡರು, ಕೊಳವೆ, ಹ್ಯಾಂಡ್‌ಬ್ರೇಕಿನ ಕೇಬಲು ಇವುಗಳನ್ನು ನೋಡಿಸತಕ್ಕದ್ದು. ಮಧ್ಯಕಾಲದಲ್ಲಿ ಯಜಮಾನರು ತಾವೇ ಮಾಡಬಹುದಾದ ಪರೀಕ್ಷೆಗಳು ಹೀಗಿವೆ:

೧. ಬ್ರೇಕ್ ಆಯಿಲಿನ ಡಬ್ಬಿಯಲ್ಲಿ ಮಟ್ಟವು ಎರಡು ಗೆರೆಗಳ ನಡುವೆ ಇದೆಯೇ ಎಂದು ವಾರಕ್ಕೊಮ್ಮೆ ನೋಡುವುದು.

೨. ಪೆಡಲನ್ನು ತುಳಿದು ಹಿಡಿಯುವುದು. ಹತ್ತಿಯಂತೆ ಮೆದುವಾಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಹಿಡಿದಂತೆಯೇ ಕೆಳಗಿಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರು ಕೆಟ್ಟಿರಬಹುದು, ಇಲ್ಲವೆ ಎಲ್ಲಾದರೂ ಸೋರುತ್ತಿರಬಹುದು.

೩. ಎಂಜಿನು ನಿಂತಿರುವಾಗ ಪೆಡಲನ್ನು ಐದಾರು ಬಾರಿ ತುಳಿದು, ಒತ್ತಿ ಹಿಡಿದುಕೊಂಡೇ ಎಂಜಿನನ್ನು ಚಾಲೂ ಮಾಡುವುದು. ಪೆಡಲು ತುಸು ಕೆಳಗೆ ಸರಿದರೆ ಬೂಸ್ಟರು ಸರಿಯಾಗಿದೆ.

೪. ರಾತ್ರಿ ವಾಹನ ನಿಲ್ಲಿಸಿದ ಸ್ಥಳದಲ್ಲಿ ಬೆಳಗ್ಗೆ ಚಕ್ರಗಳ ಒಳಪಕ್ಕವನ್ನೂ ನೆಲವನ್ನೂ ನೋಡುವುದು. ಪಸೆ ಕಂಡರೆ ಆ ದಿನ ವಾಹನವನ್ನು ಹೊರಡಿಸಬಾರದು.

೫. ಬ್ರೇಕು ಹಾಕಿದಾಗ ವಾಹನವು ಒಂದು ಪಕ್ಕಕ್ಕೆ ಎಳೆಯುವುದೇ, ಕಬ್ಬಿಣ ಉಜ್ಜುವ ಸದ್ದಾಗುವುದೇ ಎಂದು ಚಾಲಕನನ್ನು ಕೇಳುವುದು.

೬. ತೋಡು ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕನ್ನು ಮೆಲ್ಲನೆ ಒತ್ತಿ ಲೈನರನ್ನು ಒಣಗಿಸಿಕೊಳ್ಳಲು ಅವನಿಗೆ ಹೇಳಿಡುವುದು.

ಇವೆಲ್ಲವನ್ನೂ ತಾರೀಕಿನೊಡನೆ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡಬೇಕು. ಅಡಿಕೆಯ ಧಾರಣೆಯನ್ನು ದಿನಂಪ್ರತಿ ಬರೆದಿಡುವ ಮನೆಗಳನ್ನು ನಾನು ಬಲ್ಲೆನು. ಬ್ರೇಕಿನ ಲೆಕ್ಕ ಬರೆದಿಟ್ಟ ಮನೆಯನ್ನು ಇದುವರೆಗೆ ಕಂಡಿಲ್ಲ.

ವಾಹನಕ್ಕೆ ಸರಕಾರದ ಅರ್ಹತಾಪತ್ರವಿದೆಯಲ್ಲ ಎಂದು ಕೆಲವರು ಹೇಳುವುದುಂಟು. ಸರಕು ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷಕ್ಕೊಮ್ಮೆ ಆ ಪತ್ರವನ್ನು ಪಡೆಯಬೇಕೆಂಬುದು ನಿಜ. ಆದರೆ ಅದು ಪರೀಕ್ಷೆಯಾದ ದಿನದ ಸ್ಥಿತಿಯನ್ನು ಮಾತ್ರ ಹೇಳುವುದು; ಮರುವಾರ ಸವೆಯುವ ರಬ್ಬರಿಗೆ ಅದು ಜಾಮೀನಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೯೦ನೆಯ ಪ್ರಕರಣವೂ ಇದನ್ನೇ ಸೂಚಿಸುವುದು. ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಬಹುದಾಗಿದ್ದ ಅಪಾಯಕರ ದೋಷವುಳ್ಳ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ನಡೆಸುವವನಷ್ಟೇ ಅಲ್ಲ, ನಡೆಸಗೊಡುವವನೂ ಅದರಂತೆ ಅಪರಾಧಿಯು. ಆ ದೋಷದಿಂದ ಯಾರಿಗಾದರೂ ಗಾಯವಾದರೆ ಸೆರೆವಾಸ ವಿಧಿಸಲೂ ಅವಕಾಶವಿದೆ. "ನನಗೆ ತಿಳಿದಿರಲಿಲ್ಲ" ಎಂಬ ಮಾತು ಅಲ್ಲಿ ಸಲ್ಲದು.

ಖರ್ಚಿನ ಮಾತನ್ನೆತ್ತುವವರಿಗೆ ಉತ್ತರ ಕೊಡುವುದು ಸುಲಭ. ಆದರೆ ಖರ್ಚಿಗಿಂತಲೂ ದೊಡ್ಡ ತೊಡಕು ಬೇರೊಂದಿದೆ. ಬ್ರೇಕು ಸರಿಯಿಲ್ಲವೆಂದು ಹೇಳುವ ಚಾಲಕನನ್ನು ಸೋಮಾರಿಯೆಂದು ಬಗೆಯುವ ವಾಡಿಕೆ ನಮ್ಮಲ್ಲಿದೆ. ಒಂದು ದಿನದ ಕೂಲಿ ಹೋಗುವುದೆಂದೋ ಯಜಮಾನರ ಮುಖ ಕೆಡುವುದೆಂದೋ ಅಂಜಿ ಅವನು ಬಾಯಿ ಮುಚ್ಚಿಕೊಂಡು ಗಾಡಿಯೇರುತ್ತಾನೆ. ಹಿಂದಿನ ತೊಟ್ಟಿಯಲ್ಲಿ ಕುಳಿತವರಿಗೆ ಹೇಳುವ ಅವಕಾಶವೂ ಇಲ್ಲ. ಎಷ್ಟೇ ಒಳ್ಳೆಯ ಲೈನರು ಹಾಕಿಸಿದರೂ ಈ ಅಂಜಿಕೆಯಿರುವ ತನಕ ನಮ್ಮ ವಾಹನಗಳು ಸುರಕ್ಷಿತವಲ್ಲ.

ಆದುದರಿಂದ ಗ್ರಾಮಮುಖ್ಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಗ್ರಾಮಸಭೆಯಲ್ಲಾಗಲಿ ಭಜನಾಮಂದಿರದ ಜಗಲಿಯಲ್ಲಾಗಲಿ ನಾಲ್ಕು ಜನ ಯಜಮಾನರು ಕೂಡಿ ಎರಡು ಕಟ್ಟುಪಾಡುಗಳನ್ನು ಮಾಡಿಕೊಳ್ಳಲಿ. ಬ್ರೇಕಿನ ದೋಷವನ್ನು ತೋರಿಸಿ ವಾಹನ ನಡೆಸಲು ಒಪ್ಪದ ಚಾಲಕನಿಗೆ ಆ ದಿನದ ಕೂಲಿಯನ್ನು ಕಡಿಯಬಾರದು. ಹೊರೆಯ ಮೇಲೆ ಆಳುಗಳನ್ನು ಕೂರಿಸಬಾರದು. ದೊಡ್ಡ ಮನೆಯವರು ಮೊದಲು ಆಚರಿಸಿದರೆ ಉಳಿದವರು ಅನುಸರಿಸುವರು.

ಹೊಸ ಯಂತ್ರ ಕೊಳ್ಳಿರೆಂದು ಊರೂರು ತಿರುಗಿ ಹೇಳುವ ಉತ್ಸಾಹ ನಮ್ಮಂಥವರಿಗೆ ಬಹಳ. ಕೊಂಡ ಯಂತ್ರವನ್ನು ಕಾಪಾಡುವ ವಿಷಯದಲ್ಲಿ ನಾವು ಆಡಿದ ಮಾತು ಕಡಿಮೆ. ಅಂದು ಸಸಿಗಳಿಗಾಗಿ ಅವಸರಪಡಿಸಿದವನು ಚಾಲಕನನ್ನು ಒಂದು ಮಾತು ಕೇಳಲಿಲ್ಲವೆಂಬ ಕೊರಗು ನನಗಿದೆ. ಆ ಸಸಿಗಳೆಲ್ಲ ಈಗ ಚೆನ್ನಾಗಿ ನಾಟಿಕೊಂಡಿವೆ. ಒಂದು ದಿನ ತಡವಾಗಿದ್ದರೂ ಅವು ನಾಟಿಕೊಳ್ಳುತ್ತಿದ್ದುವು.